ಬಾಗಿಲು ತೆರೆದೇ ಇತ್ತು

ಕೇಳುಗರಿಗೆ ನಮಸ್ಕಾರ. ಇವತ್ತು ಬ್ರಿಟಿಷ್ ಹಾಸ್ಯ ಧಾರಾವಾಹಿಗಳ ಮಾತು, ಅವುಗಳಲ್ಲಿ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಸಿಕ್ಕಿಕೊಂಡವರ ಮಾತು.

ಮೊದಲಿಗೆ ಒಂದು ಸಣ್ಣ ಪರೀಕ್ಷೆ. ಈಗ ನಾನು ಐದು ಸೆಕೆಂಡು ಸುಮ್ಮನಿರುತ್ತೇನೆ. ರೇಡಿಯೋ ಕೆಟ್ಟಿದೆ ಅಂದುಕೊಂಡು ಸ್ಟೇಷನ್ ಬದಲಿಸಬೇಡಿ.

(ಐದು ಸೆಕೆಂಡು ಮೌನ)

ಕಷ್ಟ ಆಯ್ತು ಅಲ್ವಾ? ನನಗೂ ಆಯ್ತು. ಬಾನುಲಿಯಲ್ಲಿ ಸದ್ದು ನಿಂತರೆ ಎಲ್ಲರಿಗೂ ಗಾಬರಿ. ಆದರೆ 1958ರ ಏಪ್ರಿಲ್‌ನಲ್ಲಿ ಬಿಬಿಸಿ ರೇಡಿಯೋದಲ್ಲಿ ಅರ್ಧ ಗಂಟೆಯ ಒಂದು ಹಾಸ್ಯ ಪ್ರಸಾರವಾಯಿತು. ಅದರಲ್ಲಿ ಜನರನ್ನು ನಗಿಸಿದ್ದು ಇಂಥ ಮೌನವೇ. ಹೆಸರು ‘ಸಂಡೇ ಆಫ್ಟರ್‌ನೂನ್ ಅಟ್ ಹೋಮ್’. ‘ಹ್ಯಾನ್‌ಕಾಕ್ಸ್ ಹಾಫ್ ಅವರ್’ ಅನ್ನೋ ಸರಣಿಯ ಒಂದು ಕಂತು. ಭಾನುವಾರ ಮಧ್ಯಾಹ್ನ. ಹೊರಗೆ ಮಳೆ. ಮನೆಯಲ್ಲಿ ಹಾಸ್ಯನಟ ಟೋನಿ ಹ್ಯಾನ್‌ಕಾಕ್ ಮತ್ತು ಅವನ ಜೊತೆಗಾರರು. ಮಾಡೋಕೆ ಏನೂ ಇಲ್ಲ. ಪೇಪರ್ ಓದಿ ಆಗಿದೆ. ಹ್ಯಾನ್‌ಕಾಕ್ ಆಕಳಿಸುತ್ತಾನೆ. ನಿಟ್ಟುಸಿರು ಬಿಡುತ್ತಾನೆ. ಗಂಟೆ ಎಷ್ಟಾಯ್ತು ಅಂತ ಕೇಳುತ್ತಾನೆ. ಮುಳ್ಳು ಮುಂದಕ್ಕೇ ಹೋಗಿಲ್ಲ. ಮತ್ತೆ ಮೌನ. ಕೊನೆಗೆ ಗೋಡೆಗೆ ಅಂಟಿಸಿದ ಕಾಗದದ ಹೂಬಳ್ಳಿಯಲ್ಲಿ ಮನುಷ್ಯರ ಮುಖಗಳನ್ನು ಹುಡುಕುತ್ತಾ ಕೂರುತ್ತಾನೆ. ನಾವು ಚಿಕ್ಕವರಿದ್ದಾಗ ಸೋರಿದ ಗೋಡೆಯ ಕಲೆಯಲ್ಲಿ ಆನೆ, ಒಂಟೆ ಹುಡುಕುತ್ತಿದ್ದೆವಲ್ಲ, ಹಾಗೆ.

ನಾನಿದನ್ನು ಮೊದಲು ಕೇಳಿದ್ದು ಸ್ನೇಹಿತರೊಬ್ಬರು ಕೊಟ್ಟ ಕ್ಯಾಸೆಟ್‌ನಲ್ಲಿ. ಇಂಗ್ಲಿಷ್ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ಆಕಳಿಕೆ ಪೂರ್ತಿ ಅರ್ಥವಾಯಿತು.

ಆ ಕಾಲದ ಇಂಗ್ಲೆಂಡಿನ ಭಾನುವಾರ ಹೇಗಿತ್ತು ಅಂತ ಸ್ವಲ್ಪ ತಿಳಿದಿರಬೇಕು. ಅಂಗಡಿಗಳು ಮುಚ್ಚಿರುತ್ತಿದ್ದವು. ಪಬ್ ಮಧ್ಯಾಹ್ನ ಒಂದೆರಡು ಗಂಟೆ ತೆರೆದರೆ, ಮತ್ತೆ ಬಾಗಿಲು ತೆಗೆಯುತ್ತಿದ್ದುದು ಸಂಜೆಗೇ. ದೊಡ್ಡ ಅಂಗಡಿಗಳು ಭಾನುವಾರ ವ್ಯಾಪಾರ ಮಾಡಬಹುದು ಅಂತ ಇಂಗ್ಲೆಂಡಿನಲ್ಲಿ ಕಾನೂನು ಬಂದದ್ದು 1994ರಲ್ಲಿ. ಅಲ್ಲಿವರೆಗೆ ಭಾನುವಾರ ಮಧ್ಯಾಹ್ನ ಅಂದರೆ ನಾಲ್ಕು ಗೋಡೆ, ಮನೆಮಂದಿ, ಒಂದು ಕೆಟಲ್ ಟೀ.

ಈ ಕಂತು ಬರೆದವರು ಇಬ್ಬರು, ರೇ ಗಾಲ್ಟನ್ ಮತ್ತು ಅಲನ್ ಸಿಂಪ್ಸನ್. ಇವರಿಬ್ಬರೂ ಪರಿಚಯವಾದದ್ದು ಎಲ್ಲಿ ಗೊತ್ತಾ? ಕ್ಷಯದ ಆಸ್ಪತ್ರೆಯಲ್ಲಿ. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಪ್ರಾಂತ್ಯದ ಮಿಲ್‌ಫರ್ಡ್ ಸ್ಯಾನಿಟೋರಿಯಂ. 1948ರ ಮಾತು. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆಗ ಕ್ಷಯಕ್ಕೆ ಮುಖ್ಯ ಚಿಕಿತ್ಸೆ ಅಂದರೆ ಹಾಸಿಗೆಯಲ್ಲಿ ಅಲುಗಾಡದೆ ಮಲಗುವುದು. ವಾರಗಟ್ಟಲೆ ಅಲ್ಲ, ವರ್ಷಗಟ್ಟಲೆ. ಆಸ್ಪತ್ರೆಯೊಳಗೇ ರೋಗಿಗಳಿಗೆ ಒಂದು ಪುಟ್ಟ ರೇಡಿಯೋ ಇತ್ತು. ಅದಕ್ಕೆ ನಗೆ ತುಣುಕುಗಳನ್ನು ಬರೆಯುತ್ತಾ ಇವರು ಕಸುಬು ಕಲಿತರು. ಎದ್ದು ಹೋಗಲಾಗದ ಕೋಣೆ, ಪಕ್ಕದ ಹಾಸಿಗೆಯವನ ಅದೇ ಕೆಮ್ಮು, ಅದೇ ಮಾತು, ಮುಗಿಯದ ಮಧ್ಯಾಹ್ನ. ಮುಂದೆ ಅವರು ಬರೆದದ್ದನ್ನೆಲ್ಲ ನೋಡಿದಾಗ ನನಗೆ ಆ ವಾರ್ಡೇ ಕಣ್ಣ ಮುಂದೆ ಬರುತ್ತದೆ.

ಹ್ಯಾನ್‌ಕಾಕ್ ಜೊತೆ ಕೆಲಸ ಮುಗಿದ ಮೇಲೆ ಬಿಬಿಸಿ ಟೆಲಿವಿಷನ್ ಇವರಿಗೆ ಒಂದು ಅವಕಾಶ ಕೊಟ್ಟಿತು. ಬೇರೆ ಬೇರೆ ಕಥೆ ಬರೆಯಿರಿ, ನಿಮ್ಮಿಷ್ಟ. ಅದರಲ್ಲೊಂದು ‘ದಿ ಆಫರ್’. 1962ರ ಜನವರಿ 5ರಂದು ಪ್ರಸಾರವಾಯಿತು. ಜನ ಎಷ್ಟು ಮೆಚ್ಚಿದರೆಂದರೆ ಅದೇ ‘ಸ್ಟೆಪ್ಟೋ ಅಂಡ್ ಸನ್’ ಅನ್ನೋ ಸರಣಿಯಾಯಿತು. ಮಧ್ಯೆ ಒಂದಿಷ್ಟು ವರ್ಷ ಬಿಡುವು ಬಿಟ್ಟು 1974ರವರೆಗೂ ನಡೆಯಿತು.

ಕಥೆ ಇಷ್ಟೇ. ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಬುಷ್ ಕಡೆ ಆಯಿಲ್ ಡ್ರಮ್ ಲೇನ್ ಅಂತ ಒಂದು ಗಲ್ಲಿ. ಅಲ್ಲಿ ಅಪ್ಪ ಮಗ ಇಬ್ಬರೇ. ಕಸುಬು ಗುಜರಿ. ಹರ್ಕ್ಯುಲಿಸ್ ಅಂತ ಒಂದು ಕುದುರೆ, ಒಂದು ಗಾಡಿ. ಮಗ ಹ್ಯಾರಲ್ಡ್ ಬೀದಿ ಬೀದಿ ತಿರುಗಿ ಹಳೇ ಕಬ್ಬಿಣ, ಚಿಂದಿ ಬಟ್ಟೆ, ಮುರಿದ ಕುರ್ಚಿ ತರುತ್ತಾನೆ. ಅಪ್ಪ ಆಲ್ಬರ್ಟ್ ಮನೆಯಲ್ಲಿ ಕೂತು ಹುಳುಕು ಹುಡುಕುತ್ತಾನೆ. ಯಾರೂ ಕೊಳ್ಳದ ಸಾಮಾನೆಲ್ಲ ಮನೆಯೊಳಗೇ ಸೇರಿ ಕಾಲಿಡೋಕೆ ಜಾಗ ಇಲ್ಲ. ಹ್ಯಾರಲ್ಡ್‌ಗೆ ಮೂವತ್ತೈದು ದಾಟಿದೆ. ಮದುವೆ ಇಲ್ಲ. ಪುಸ್ತಕ ಓದಬೇಕು, ಸಂಗೀತ ಕೇಳಬೇಕು, ದೊಡ್ಡ ಮನುಷ್ಯರ ಜೊತೆ ಓಡಾಡಬೇಕು ಅಂತ ಆಸೆ. ನಮ್ಮಲ್ಲಿ ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳೋ ಗಾದೆ ಇದೆಯಲ್ಲ, ಅದರ ಲಂಡನ್ ಅವತರಣಿಕೆ ಇದು.

ಆ ಮೊದಲ ಕಂತಿನ ಕೊನೆ ನೋಡಿ. ಹ್ಯಾರಲ್ಡ್‌ಗೆ ಬೇರೆ ಕಡೆ ಹೋಗೋ ಅವಕಾಶ ಬಂದಿದೆ ಅನ್ನುತ್ತಾನೆ. ಜಗಳವಾಗುತ್ತದೆ. ತನ್ನ ಸಾಮಾನನ್ನೆಲ್ಲ ಗಾಡಿಗೆ ಹೇರುತ್ತಾನೆ. ಕುದುರೆ ಕೊಡಲ್ಲ ಅಂತಾನೆ ಅಪ್ಪ. ಸರಿ, ನಾನೇ ಎಳೀತೀನಿ ಅಂತ ಮಗ ನೊಗಕ್ಕೆ ತಾನೇ ಹೆಗಲು ಕೊಡುತ್ತಾನೆ. ಎಳೆಯುತ್ತಾನೆ. ಗಾಡಿ ಅಲ್ಲಾಡುವುದಿಲ್ಲ. ಜಗ್ಗುತ್ತಾನೆ, ಹಲ್ಲು ಕಚ್ಚುತ್ತಾನೆ, ಊಹೂಂ. ಕೊನೆಗೆ ಅಲ್ಲೇ ನಿಂತು ಅಳುತ್ತಾನೆ. ಅಪ್ಪ ಮೆಲ್ಲಗೆ ಹತ್ತಿರ ಬರುತ್ತಾನೆ. ಇವತ್ತು ಬೇಡ ಬಿಡು, ಇನ್ನೊಂದು ದಿನ ಹೋಗುವಿಯಂತೆ, ಒಳಗೆ ಬಾ, ಟೀ ಮಾಡ್ತೀನಿ ಅನ್ನೋ ಧಾಟಿಯಲ್ಲಿ ಮಾತಾಡಿ ಕರಕೊಂಡು ಹೋಗುತ್ತಾನೆ.

ಇದು ಕಾಮಿಡಿ! ಬರೆದವರಿಗೇ ಆಶ್ಚರ್ಯವಾಯಿತಂತೆ. ಅವರು ಅಲ್ಲಿವರೆಗೆ ಬರೆಯುತ್ತಿದ್ದುದು ಹಾಸ್ಯ ಕಲಾವಿದರಿಗೆ. ಈ ಸಲ ಹಾಕಿಕೊಂಡದ್ದು ನಾಟಕದ ನಟರನ್ನು. ಹ್ಯಾರಲ್ಡ್ ಪಾತ್ರದ ಹ್ಯಾರಿ ಎಚ್. ಕಾರ್ಬೆಟ್, ರಂಗ ನಿರ್ದೇಶಕಿ ಜೋನ್ ಲಿಟಲ್‌ವುಡ್ ಅವರ ಥಿಯೇಟರ್ ವರ್ಕ್‌ಶಾಪ್ ತಂಡದಲ್ಲಿ ಪಳಗಿದವರು. ಅಳು ಅಂತ ಸ್ಕ್ರಿಪ್ಟಿನಲ್ಲಿ ಇದ್ದರೆ ನಿಜವಾಗಿ ಕಣ್ಣೀರು ಹಾಕಿಬಿಟ್ಟರು. ಹಾಸ್ಯಗಾರನಾಗಿದ್ದರೆ ಭುಜ ಕುಣಿಸಿ ಮುಗಿಸುತ್ತಿದ್ದ.

ಗಮನಿಸಿ, ಗೇಟಿಗೆ ಬೀಗ ಇಲ್ಲ. ಯಾರೂ ಅವನನ್ನು ಕಟ್ಟಿಹಾಕಿಲ್ಲ. ಗಾಡಿ ಬಿಟ್ಟು ಬರಿಗೈಯಲ್ಲಿ ನಡೆದರೆ ಎರಡು ನಿಮಿಷದಲ್ಲಿ ಬೀದಿಯಲ್ಲಿರುತ್ತಾನೆ. ಆದರೆ ಅವನಿಗೆ ಸಾಮಾನೂ ಬೇಕು. ಮುದುಕ ಒಬ್ಬನೇ ಏನು ಮಾಡ್ತಾನೋ ಅನ್ನೋ ಚಿಂತೆಯೂ ಹಿಂದಿನಿಂದ ಎಳೆಯುತ್ತದೆ. ಗಾಡಿ ಅಲ್ಲಾಡದ್ದಕ್ಕೆ ಭಾರ ಒಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ಅಪ್ಪನ ಪಾತ್ರ ಮಾಡಿದವರು ಡಬ್ಲಿನ್‌ನಲ್ಲಿ ಹುಟ್ಟಿದ ವಿಲ್ಫ್ರಿಡ್ ಬ್ರಾಂಬೆಲ್. ‘ದಿ ಆಫರ್’ ಪ್ರಸಾರವಾದಾಗ ಅವರಿಗೆ 49. ಮಗನಿಗಿಂತ ಹದಿಮೂರೇ ವರ್ಷ ದೊಡ್ಡವರು! ಆ ಕೊಳಕು ಮುದುಕನಿಗೋಸ್ಕರವೇ ಬೇರೆ ಒಂದು ಜೊತೆ ಕಟ್ಟಿಸಿದ ಹಲ್ಲು ಇಟ್ಟುಕೊಂಡಿದ್ದರು, ಕರಿಗಟ್ಟಿದ್ದು. ಕಾರ್ಬೆಟ್ ಹುಟ್ಟಿದ್ದು ರಂಗೂನ್‌ನಲ್ಲಿ, 1925ರಲ್ಲಿ. ಆಗ ಬರ್ಮಾ ಇನ್ನೂ ಬ್ರಿಟಿಷ್ ಇಂಡಿಯಾದ ಭಾಗವೇ. ಹೆಸರಿನ ನಡುವಿನ ‘ಎಚ್’ ಯಾಕೆ ಅಂದರೆ, ಗೊಂಬೆಯಾಟದ ಇನ್ನೊಬ್ಬ ಹ್ಯಾರಿ ಕಾರ್ಬೆಟ್ ಆಗಲೇ ಪ್ರಸಿದ್ಧನಾಗಿದ್ದ. ಎಚ್ ಅಂದರೆ ಏನು ಅಂತ ಕೇಳಿದವರಿಗೆ ಏನೋ ಒಂದು ತಮಾಷೆ ಹೇಳಿ ಸಾಗಹಾಕುತ್ತಿದ್ದರು.

ಕೊಳಕು ಎಂಥದ್ದು ಅಂತ ಒಂದು ಉದಾಹರಣೆ ಹೇಳಲೇಬೇಕು. ಊಟದ ಹೊತ್ತಾಗಿದ್ದರೆ ಕ್ಷಮಿಸಿ. ‘ದಿ ಬಾತ್’ ಅಂತ 1963ರ ಕಂತು. ಆ ಮನೆಯಲ್ಲಿ ಬಚ್ಚಲುಮನೆ ಇಲ್ಲ. ನಡುಮನೆಯಲ್ಲಿ ಬೆಂಕಿಯ ಮುಂದೆ ತಗಡಿನ ತೊಟ್ಟಿ ಇಟ್ಟುಕೊಂಡು ಮುದುಕ ಸ್ನಾನಕ್ಕೆ ಕೂತಿದ್ದಾನೆ. ಕೂತಲ್ಲೇ ಬಾಟಲಿಯಿಂದ ಈರುಳ್ಳಿ ಉಪ್ಪಿನಕಾಯಿ ತೆಗೆದು ತಿನ್ನುತ್ತಿದ್ದಾನೆ. ಒಂದಷ್ಟು ಈರುಳ್ಳಿ ಸ್ನಾನದ ನೀರಿಗೆ ಬೀಳುತ್ತದೆ. ಕೈಯಾಡಿಸಿ ಹುಡುಕುತ್ತಾನೆ. ಸಿಕ್ಕಿದ್ದನ್ನು ತಿರುಗಿ ಬಾಟಲಿಗೆ ಹಾಕುತ್ತಾನೆ. ಅದೇ ಸಂಜೆ ಮಗ ಒಬ್ಬ ಹುಡುಗಿಯನ್ನು ಮನೆಗೆ ಕರೆದಿದ್ದಾನೆ. ಮುಂದಿನದು ನಿಮ್ಮ ಊಹೆಗೆ.

ಇಷ್ಟಿದ್ದೂ ಜನ ಮುಗಿಬಿದ್ದು ನೋಡಿದರು. ಎಷ್ಟರಮಟ್ಟಿಗೆ ಅಂದರೆ, 1964ರ ಅಕ್ಟೋಬರ್ 15, ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆ. ಮತದಾನ ರಾತ್ರಿ ಒಂಬತ್ತರವರೆಗೆ. ಅವತ್ತು ಸಂಜೆ ‘ಸ್ಟೆಪ್ಟೋ’ ಹಳೇ ಕಂತಿನ ಮರುಪ್ರಸಾರ ಇತ್ತು. ಲೇಬರ್ ಪಕ್ಷದ ಹ್ಯಾರಲ್ಡ್ ವಿಲ್ಸನ್‌ಗೆ ಚಿಂತೆ ಹತ್ತಿತು. ನಮ್ಮ ಮತದಾರರೆಲ್ಲ ದುಡಿಯೋ ಜನ, ಕೆಲಸ ಮುಗಿಸಿ ಬಂದು ಟಿವಿ ಮುಂದೆ ಕೂತರೆ ಮತಗಟ್ಟೆಗೆ ಯಾರು ಹೋಗ್ತಾರೆ? ಬಿಬಿಸಿ ಮುಖ್ಯಸ್ಥ ಹ್ಯೂ ಗ್ರೀನ್ ಜೊತೆ ಮಾತಾಡಿದರು. ಕಾರ್ಯಕ್ರಮ ರಾತ್ರಿ ಒಂಬತ್ತಕ್ಕೆ ಮುಂದೆ ಹೋಯಿತು. ವಿಲ್ಸನ್ ಗೆದ್ದರು, ಬಹುಮತ ಬರೀ ನಾಲ್ಕು. ಗುಜರಿಯವರ ಪಾಲು ಅದರಲ್ಲಿ ಎಷ್ಟು ಅಂತ ಲೆಕ್ಕ ಹಾಕಿದವರಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟದ ಕಂತು 1972ರದ್ದು, ‘ಡಿವೈಡೆಡ್ ವಿ ಸ್ಟ್ಯಾಂಡ್’. ಮನೆಗೆ ಹೊಸದಾಗಿ ಬಣ್ಣ ಗಿಣ್ಣ ಮಾಡಿಸೋಣ ಅಂತಾನೆ ಮಗ. ಬೇಡ ಅಂತಾನೆ ಅಪ್ಪ. ರೇಗಿದ ಹ್ಯಾರಲ್ಡ್ ಮನೆಯ ನಡುವೆ ಹಲಗೆಯ ಗೋಡೆ ಎಬ್ಬಿಸಿಬಿಡುತ್ತಾನೆ. ನಮ್ಮಲ್ಲೂ ಅಣ್ಣತಮ್ಮಂದಿರು ಹಿಸ್ಸೆಯಾದಾಗ ನಡುಮನೆಗೆ ಅಡ್ಡಗೋಡೆ ಹಾಕೋದುಂಟು. ಆದರೆ ಇಲ್ಲಿ ಬಾಗಿಲಲ್ಲಿ ತಿರುಗು ಗೇಟು ಬೇರೆ. ಟಿವಿ ಒಂದೇ. ಅದನ್ನೂ ಗೋಡೆಯ ನಡುವೆ ಸಿಕ್ಕಿಸಿ, ಪರದೆ ಇವನಿಗರ್ಧ, ಅವನಿಗರ್ಧ. ಹ್ಯಾರಲ್ಡ್‌ಗೆ ಬ್ಯಾಲೆ ನೃತ್ಯ ನೋಡಬೇಕು. ನ್ಯಾಯವಾದ ಪಾಲು, ಯಾರೂ ಬೆರಳು ತೋರಿಸೋ ಹಾಗಿಲ್ಲ. ಆದರೆ ಚಾನೆಲ್ ತಿರುಗಿಸೋ ಗುಬುಟು ಇರೋದು ಅಪ್ಪನ ಕಡೆ!

ಇಬ್ಬರೂ ಕೊನೆಗೆ ಬೆಂಕಿ ಅನಾಹುತದಲ್ಲಿ ಸಿಕ್ಕಿ ಆಸ್ಪತ್ರೆ ಸೇರುತ್ತಾರೆ. ಅದೇ ವರ್ಷದ ಇನ್ನೊಂದು ಕಂತಿನಲ್ಲಿ ಜೈಲಿಂದ ಓಡಿಬಂದ ಇಬ್ಬರು ಕೈದಿಗಳು ಇವರ ಮನೆಗೆ ನುಗ್ಗುತ್ತಾರೆ. ಒಬ್ಬ ಯುವಕ, ಒಬ್ಬ ಮುದುಕ. ಊಟ ಕೊಡಿ ಅಂದರೆ ಊಟ ಇಲ್ಲ. ದುಡ್ಡು ಕೊಡಿ ಅಂದರೆ ದುಡ್ಡೂ ಇಲ್ಲ. ಇವರಿಗಿಂತ ಜೈಲೇ ವಾಸಿ ಅನ್ನೋ ಸ್ಥಿತಿ. ಕೈದಿಗಳಿಗೇ ಇವರನ್ನು ಕಂಡು ಅಯ್ಯೋ ಪಾಪ ಅನ್ನಿಸುತ್ತದೆ.

ಒಂದು ಪ್ರಶ್ನೆ ನಿಮಗೂ ಬಂದಿರಬಹುದು. ಬ್ರಿಟಿಷ್ ಹಾಸ್ಯ ಧಾರಾವಾಹಿಗಳಲ್ಲಿ ಜನ ಯಾಕೆ ಇಷ್ಟು ಹೊತ್ತು ಒಂದೇ ಕೋಣೆಯಲ್ಲಿ ಬಿದ್ದಿರುತ್ತಾರೆ? ಮನಸ್ಸು, ಸಮಾಜ ಅಂತೆಲ್ಲ ದೊಡ್ಡ ಕಾರಣ ಹೇಳೋ ಮುಂಚೆ ಒಂದು ಬಡಗಿ ಕಾರಣ ಇದೆ. ಈ ಕಾರ್ಯಕ್ರಮಗಳನ್ನು ಸ್ಟುಡಿಯೋದಲ್ಲಿ, ಪ್ರೇಕ್ಷಕರ ಎದುರಿಗೆ ರೆಕಾರ್ಡ್ ಮಾಡುತ್ತಿದ್ದರು. ನಾಟಕದ ಹಾಗೆ ಮೂರು ಗೋಡೆಯ ಸೆಟ್ಟು. ನಾಲ್ಕನೇ ಗೋಡೆಯ ಜಾಗದಲ್ಲಿ ಕ್ಯಾಮೆರಾ, ಅದರ ಹಿಂದೆ ಜನ. ಹೊರಗಿನ ಚಿತ್ರೀಕರಣಕ್ಕೆ ಖರ್ಚು ಜಾಸ್ತಿ. ಅದಕ್ಕೇ ನೋಡಿ, ಊಟದ ಮೇಜಿನ ಒಂದು ಬದಿಯಲ್ಲಿ ಯಾವತ್ತೂ ಯಾರೂ ಕೂರುವುದಿಲ್ಲ. ನಮ್ಮ ಧಾರಾವಾಹಿಗಳಲ್ಲೂ ಹಾಗೇ, ಮನೆಯಲ್ಲಿ ಹತ್ತು ಜನ ಇದ್ದರೂ ಮೇಜಿನ ಒಂದು ಕಡೆ ಖಾಲಿ. ಇರೋ ಒಂದು ಸೆಟ್ಟಲ್ಲೇ ಅರ್ಧ ಗಂಟೆ ಕಳೀಬೇಕು ಅಂದಾಗ, ಜಾಣ ಬರಹಗಾರರು ಆ ಇಕ್ಕಟ್ಟನ್ನೇ ಕಥೆ ಮಾಡಿಕೊಂಡರು.

1966ರಲ್ಲಿ ಜಾನಿ ಸ್ಪೈಟ್ ಬರೆದ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಶುರುವಾಯಿತು. ಪೂರ್ವ ಲಂಡನ್ನಿನ ವಾಪಿಂಗ್, ಒಂದು ಪುಟ್ಟ ಮನೆ, ನಾಲ್ಕು ಜನ. ಬಾಯಿಬಡುಕ ಅಪ್ಪ ಆಲ್ಫ್ ಗಾರ್ನೆಟ್, ಕೇಳಿ ಕೇಳಿ ಕಲ್ಲಾದ ಹೆಂಡತಿ, ಮಗಳು, ಮತ್ತು ಲಿವರ್‌ಪೂಲ್‌ನಿಂದ ಬಂದ ಎಡಪಂಥೀಯ ಮನೆಯಳಿಯ. ಮನೆಯಳಿಯ ಅನ್ನೋ ಮಾತಲ್ಲೇ ಅರ್ಧ ಜಗಳ ಇದೆ. ಆಲ್ಫ್ ಕರಿಯರನ್ನು, ನಮ್ಮ ಕಡೆಯಿಂದ ಹೋದವರನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಅವನನ್ನು ನೋಡಿ ಜನ ನಗಲಿ ಅನ್ನೋದು ಸ್ಪೈಟ್ ಉದ್ದೇಶ. ಆದರೆ ಎಷ್ಟೋ ಜನ ಅವನ ಜೊತೆ ಸೇರಿ ನಕ್ಕರು. ಈಗ ನೋಡಿದರೆ ನನಗೆ ಅರ್ಧಕ್ಕೇ ಸಾಕಾಗುತ್ತದೆ.

2001ರಲ್ಲಿ ನಮ್ಮವರದ್ದೇ ಒಂದು ಮನೆ ಟಿವಿಗೆ ಬಂತು. ‘ದಿ ಕುಮಾರ್ಸ್ ಅಟ್ ನಂ. 42’. ವೆಂಬ್ಲಿಯಲ್ಲಿರೋ ಭಾರತೀಯ ಕುಟುಂಬ, ಮಗನಿಗೋಸ್ಕರ ಮನೆ ಹಿಂದೆ ಟಿವಿ ಸ್ಟುಡಿಯೋ ಕಟ್ಟಿಸಿದೆ. ಅವನು ಗಣ್ಯರ ಸಂದರ್ಶನ ಮಾಡುವಾಗ ಅಪ್ಪ, ಅಮ್ಮ, ಅಜ್ಜಿ ಮೂರೂ ಜನ ಪಕ್ಕದಲ್ಲೇ ಕೂತು ಬಾಯಿ ಹಾಕುತ್ತಾರೆ. ಮೊಮ್ಮಗನಾಗಿದ್ದ ಸಂಜೀವ್ ಭಾಸ್ಕರ್, ಅಜ್ಜಿಯಾಗಿದ್ದ ಮೀರಾ ಸಿಯಾಲ್ 2005ರಲ್ಲಿ ಮದುವೆಯಾದರು. ನಿಜ ಜೀವನದಲ್ಲಿ!

ಮೌನದ ಮಾತಿಗೆ ವಾಪಸ್ ಬರುತ್ತೇನೆ. 1990ರಲ್ಲಿ ಡೇವಿಡ್ ರೆನ್‌ವಿಕ್ ಅನ್ನೋ ಬರಹಗಾರ ‘ಒನ್ ಫುಟ್ ಇನ್ ದ ಗ್ರೇವ್’ ಶುರು ಮಾಡಿದರು. ಕೆಲಸದಿಂದ ಹೊರಬಿದ್ದ ವಿಕ್ಟರ್ ಮೆಲ್ಡ್ರೂ, ಹೆಂಡತಿ ಮಾರ್ಗರೆಟ್. ಅದರ ‘ಟೈಮ್‌ಲೆಸ್ ಟೈಮ್’ ಕಂತಿನಲ್ಲಿ ಗಂಡ ಹೆಂಡತಿ ಇಬ್ಬರೇ, ಮಲಗೋ ಕೋಣೆಯಲ್ಲಿ, ನಿದ್ದೆ ಬಾರದ ರಾತ್ರಿ. ಅರ್ಧ ಗಂಟೆ ಪೂರ್ತಿ ಅಷ್ಟೇ. ಮಗ್ಗುಲು ಬದಲಿಸ್ತಾರೆ. ಗೊಣಗ್ತಾರೆ. ಒಮ್ಮೆ ವಿಕ್ಟರ್ ಎದ್ದು ಹೋಗಿ ಬರ್ತಾನೆ, ನೋಡಿದರೆ ಕತ್ತಲಲ್ಲಿ ಚಪ್ಪಲಿ ಅಂತ ಸತ್ತ ಮುಳ್ಳುಹಂದಿಮರಿಯಂಥ ಪ್ರಾಣಿಗೆ ಕಾಲು ತೂರಿಸಿಕೊಂಡು ಬಂದಿದ್ದಾನೆ. ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀವಿ. ಅದೇ ಕಂತಿನಲ್ಲಿ, ಯಾವುದೋ ಮಾತಿನ ನಡುವೆ ಸ್ಟುವರ್ಟ್ ಅನ್ನೋ ಹೆಸರು ಬರುತ್ತದೆ. ಅವರಿಗೊಂದು ಮಗು ಇತ್ತು, ಉಳಿಯಲಿಲ್ಲ ಅಂತ ನಮಗೆ ಹೊಳೆಯುತ್ತದೆ. ಯಾರೂ ವಿವರಿಸುವುದಿಲ್ಲ. ಮಾತು ಬೇರೆ ಕಡೆ ಹೋಗುತ್ತದೆ. ಮಕ್ಕಳಿಲ್ಲದ ಮನೆಯಲ್ಲಿ ರಾತ್ರಿ ಎಷ್ಟು ಉದ್ದ ಅಂತ ಆ ಒಂದು ಹೆಸರಿನಿಂದ ಗೊತ್ತಾಗುತ್ತದೆ.

ಇನ್ನು ಕೊನೆಯದು, ‘ದಿ ರಾಯ್ಲ್ ಫ್ಯಾಮಿಲಿ’. ಹೆಸರು ಕೇಳಿ ರಾಜಮನೆತನ ಅಂದುಕೊಳ್ಳಬೇಡಿ. ರಾಯ್ಲ್ ಅನ್ನೋದು ಈ ಮನೆಯವರ ಅಡ್ಡಹೆಸರು. ಮ್ಯಾಂಚೆಸ್ಟರಿನ ದುಡಿಯೋ ಜನರ ಮನೆ. ಶುರುವಾದದ್ದು 1998ರಲ್ಲಿ. ಬರೆದವರು ಕ್ಯಾರೊಲಿನ್ ಅಹರ್ನ್ ಮತ್ತು ಕ್ರೇಗ್ ಕ್ಯಾಶ್, ಜೊತೆಗೆ ಮೊದಲ ಸರಣಿಗೆ ಹೆನ್ರಿ ನಾರ್ಮಲ್. ಮಗಳು ಡೆನಿಸ್ ಪಾತ್ರ ಅಹರ್ನ್ ಅವರದ್ದೇ, ಅವಳನ್ನು ಕಟ್ಟಿಕೊಳ್ಳೋ ಡೇವ್ ಪಾತ್ರ ಕ್ಯಾಶ್ ಅವರದ್ದು.

ಇಲ್ಲಿ ಏನೂ ಆಗುವುದಿಲ್ಲ. ನಿಜವಾಗಿ ಏನೂ ಆಗುವುದಿಲ್ಲ. ಎಲ್ಲರೂ ಸೋಫಾದಲ್ಲಿ ಕೂತು ಟಿವಿ ನೋಡುತ್ತಾರೆ. ಅವರು ಟಿವಿ ನೋಡುವುದನ್ನು ನಾವು ಟಿವಿಯಲ್ಲಿ ನೋಡುತ್ತೇವೆ. ಸ್ಟುಡಿಯೋ ಪ್ರೇಕ್ಷಕರಿಲ್ಲ, ಹಿನ್ನೆಲೆಯಲ್ಲಿ ನಗು ಇಲ್ಲ. ಎಲ್ಲಿ ನಗಬೇಕು ಅಂತ ನಾವೇ ನೋಡಿಕೊಳ್ಳಬೇಕು. ಬೂದಿ ತುಂಬಿದ ಆಶ್‌ಟ್ರೇ, ಟೀ ಮಗ್ಗು, ಹೊಗೆ. ಅಪ್ಪ ಜಿಮ್ ಕುರ್ಚಿ ಬಿಟ್ಟು ಏಳೋನಲ್ಲ. ಫೋನ್ ಬಿಲ್ ಹಿಡಿದು ಒಂದೊಂದು ಕರೆಗೂ ವಿಚಾರಣೆ ನಡೆಸೋನು. ಯಾರು ಏನೇ ಹೇಳಲಿ, ಅದಕ್ಕೆ ಒಂದು ಪದ ಸೇರಿಸಿ ತಳ್ಳಿಹಾಕುತ್ತಾನೆ. ಆ ಪದ ಮೈಯ ಹಿಂಭಾಗಕ್ಕೆ ಸಂಬಂಧಪಟ್ಟದ್ದು, ಬಾನುಲಿಯಲ್ಲಿ ಹೇಳೋ ಹಾಗಿಲ್ಲ. ಅಮ್ಮ ಬಾರ್ಬರಾ, ಮನೆಗೆ ಯಾರೇ ಬರಲಿ, ಸಂಜೆ ಊಟಕ್ಕೆ ಏನು ಮಾಡಿದ್ರಿ ಅಂತ ಕೇಳುತ್ತಾಳೆ. ಉತ್ತರವನ್ನು ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಾಳೆ. ನಮ್ಮ ‘ಊಟ ಆಯ್ತಾ, ಏನ್ ಅಡಿಗೆ’ ಥರಾನೇ. ಕಿರಿ ಮಗ ಆಂಟನಿ ಬಿಟ್ಟಿ ಆಳು. ಆಂಟನಿ, ಬಾಗಿಲು ನೋಡು. ಆಂಟನಿ, ಟೀ ಇಡು. ಅವನು ಟೀ ಇಟ್ಟು ಬಂದು ಕೂರುವಷ್ಟರಲ್ಲಿ ಮತ್ತೆ ಬಾಗಿಲು ಬಡಿತ.

ಮೊದಲೆರಡು ಕಂತು ನೋಡಿದಾಗ ನನಗೆ ಉಸಿರು ಕಟ್ಟಿದ ಹಾಗಾಗಿತ್ತು. ಎದ್ದು ಕಿಟಕಿನಾದರೂ ತೆಗೀರಪ್ಪ ಅನ್ನಿಸಿತ್ತು. ಮೂರನೆಯದಕ್ಕೆ ಆ ಸೋಫಾದಲ್ಲಿ ನನಗೂ ಒಂದು ಜಾಗ ಸಿಕ್ಕಂತಾಯಿತು.

ನಿಯಮಿತ ಸರಣಿ ಮುಗಿದು ವರ್ಷಗಳಾದ ಮೇಲೆ, 2006ರಲ್ಲಿ ಒಂದು ವಿಶೇಷ ಕಂತು ಬಂತು, ‘ದಿ ಕ್ವೀನ್ ಆಫ್ ಶೀಬಾ’. ಅಜ್ಜಿಗೆ ಕಾಯಿಲೆ. ಅವರ ಮಂಚ ನಡುಮನೆಗೇ ಬಂದಿದೆ. ಅಜ್ಜಿ ಪಾತ್ರದ ಲಿಜ್ ಸ್ಮಿತ್‌ಗೆ ಆಗ 84. ಬಾರ್ಬರಾ ತನ್ನ ಮುದಿ ತಾಯಿಯ ಕೂದಲು ನೇವರಿಸಿ ಸಿಂಗರಿಸುವ ಒಂದು ದೃಶ್ಯ ಇದೆ. ಅವಸರ ಇಲ್ಲ, ಅಳು ಇಲ್ಲ. ಅದಕ್ಕೆ ಬ್ರಿಟನ್ನಿನ ದೊಡ್ಡ ಪ್ರಶಸ್ತಿ ಬಾಫ್ಟಾ ಬಂತು. ಬರಬೇಕಾದದ್ದೇ.

ಆದರೆ ನನ್ನ ಓಟು ಅದಕ್ಕೂ ಹಿಂದಿನದಕ್ಕೆ, 1999ರ ಕ್ರಿಸ್‌ಮಸ್ ಕಂತಿಗೆ. ಹಬ್ಬದ ದಿನ. ಮನೆ ತುಂಬಾ ಜನ. ತುಂಬು ಬಸುರಿ ಡೆನಿಸ್‌ಗೆ ನೋವು ಶುರುವಾಗುತ್ತದೆ. ಅವಳು ಬಚ್ಚಲುಮನೆ ಸೇರಿಕೊಂಡಿದ್ದಾಳೆ. ಆ ಇಡೀ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಇರಬಹುದಾದ ಜಾಗ ಅದೊಂದೇ. ಅವಳಿಗೆ ಭಯ. ತನ್ನಿಂದ ಆಗಲ್ಲ ಅಂತ ಅಳು. ಬರಹಗಾರರು ಯಾರನ್ನು ಕಳಿಸಿದರು? ಅಮ್ಮನನ್ನಲ್ಲ, ಗಂಡನನ್ನಲ್ಲ. ಅಪ್ಪನನ್ನು. ಕುರ್ಚಿ ಬಿಟ್ಟು ಏಳದ ಜಿಮ್‌ನನ್ನು. ಅವನು ಹೋಗಿ ಆ ಇಕ್ಕಟ್ಟಿನಲ್ಲಿ ಮಗಳ ಪಕ್ಕ ಕೂರುತ್ತಾನೆ. ಒರಟು ಬಾಯಿಗೆ ಏನು ಹೇಳಬೇಕೋ ತೋಚುವುದಿಲ್ಲ. ಅವಳನ್ನು ಒರಗಿಸಿಕೊಳ್ಳುತ್ತಾನೆ, ತನ್ನ ಕಣ್ಣೂ ಒರೆಸಿಕೊಳ್ಳುತ್ತಾನೆ. ಕೆಳಗೆ ಅವನ ಕುರ್ಚಿ ಖಾಲಿ.

ನಮಸ್ಕಾರ.